ಟಿಮ್ ನೋಕ್ಸ್: ನೀರಿನ ಲೆಕ್ಕ ಬದಲಿಸಿದ ಓಟಗಾರ ಪ್ರಾಧ್ಯಾಪಕ

ದೂರದ ಓಟದಲ್ಲಿ ಸ್ಪರ್ಧಿಯೊಬ್ಬ ಕುಸಿದು ಬಿದ್ದರೆ, ದೇಹದಲ್ಲಿ ನೀರು ಬತ್ತಿದೆಯೆಂದು ಭಾವಿಸಿ ಸುತ್ತಲಿನವರು ಇನ್ನಷ್ಟು ನೀರು ಕುಡಿಸಲು ಮುಂದಾಗುವುದು ವಾಡಿಕೆ. ಆತ ಅತಿಯಾಗಿ ನೀರು ಕುಡಿದೇ ಕುಸಿದಿರಬಹುದು, ಹಾಗಿದ್ದಲ್ಲಿ ಆ ಉಪಚಾರವೇ ಪ್ರಾಣಕ್ಕೆ ಎರವಾಗಬಹುದು ಎಂದು ಎಚ್ಚರಿಸಿದವರಲ್ಲಿ ಮೊದಲಿಗರು ದಕ್ಷಿಣ ಆಫ್ರಿಕಾದ ಡಾ. ಟಿಮ್ ನೋಕ್ಸ್. ಕೇಪ್ ಟೌನ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನ ಪ್ರಾಧ್ಯಾಪಕರಾಗಿದ್ದ ಇವರು 2014ರಲ್ಲಿ ನಿವೃತ್ತರಾದರು.

1949ರಲ್ಲಿ ಇಂದಿನ ಜಿಂಬಾಬ್ವೆಯ ಹರಾರೆಯಲ್ಲಿ ಜನಿಸಿದ ನೋಕ್ಸ್, ಬಾಲ್ಯದಲ್ಲಿಯೇ ದಕ್ಷಿಣ ಆಫ್ರಿಕಾಕ್ಕೆ ಬಂದು ನೆಲೆಸಿದರು. ಕೇಪ್ ಟೌನ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ರೋಯಿಂಗ್ ಅವರ ಕ್ರೀಡೆಯಾಗಿತ್ತು. ನಂತರ ಓಟ ಅವರನ್ನು ಸೆಳೆಯಿತು. ಎಪ್ಪತ್ತಕ್ಕೂ ಹೆಚ್ಚು ಮ್ಯಾರಥಾನ್ ಹಾಗೂ ಅದಕ್ಕೂ ದೀರ್ಘವಾದ ಓಟಗಳನ್ನು ಅವರು ಪೂರೈಸಿದ್ದಾರೆ. ಇವುಗಳಲ್ಲಿ ಏಳು, 1921ರಲ್ಲಿ ಆರಂಭವಾದ ಕಾಮ್ರೇಡ್ಸ್ ಮ್ಯಾರಥಾನ್‌ಗಳು. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಕೆಳಗಿಳಿಸಿದ ಪೀಟರ್‌ಮಾರಿಟ್ಸ್‌ಬರ್ಗ್‌ಗೂ ಡರ್ಬನ್‌ಗೂ ನಡುವಿನ ಸುಮಾರು 90 ಕಿ.ಮೀ. ಗುಡ್ಡಗಾಡು ಹಾದಿಯ ಓಟವಿದು.

ನೋಕ್ಸ್ ಅವರಿಗೆ ಪ್ರಯೋಗಶಾಲೆಯಾದದ್ದೂ ಇದೇ ಹಾದಿ. 1981ರ ಕಾಮ್ರೇಡ್ಸ್‌ನಲ್ಲಿ ಮಹಿಳಾ ಓಟಗಾರ್ತಿಯೊಬ್ಬರು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರು. ಅವರ ರಕ್ತದಲ್ಲಿ ಸೋಡಿಯಂ ಪ್ರಮಾಣ ತೀರಾ ಕುಸಿದಿತ್ತು. ಅದುವರೆಗೆ ಯಾವ ಓಟಗಾರರಲ್ಲಿಯೂ ವರದಿಯಾಗದ ಸ್ಥಿತಿ ಅದು. ಇಂತಹ ನಾಲ್ವರು ಸ್ಪರ್ಧಿಗಳ ವಿವರಗಳನ್ನು ಕಲೆಹಾಕಿ, ಅತಿಯಾದ ದ್ರವ ಸೇವನೆಯೇ ಕಾರಣವಿರಬಹುದೆಂದು ನೋಕ್ಸ್ ಮತ್ತು ಸಂಗಡಿಗರು 1985ರಲ್ಲಿ ಪ್ರಬಂಧ ಪ್ರಕಟಿಸಿದರು.

ಇದಕ್ಕೆ ಪುರಾವೆ ದೊರೆತದ್ದು 1988ರ ಓಟದಲ್ಲಿ. ಸೋಡಿಯಂ ಕುಸಿದು ಅಸ್ವಸ್ಥರಾದ ಎಂಟು ಮಂದಿ ಚೇತರಿಸಿಕೊಳ್ಳುವಾಗ ವಿಸರ್ಜಿಸಿದ ಮೂತ್ರವನ್ನು ತಂಡವು ಅಳೆಯಿತು. ಎಲ್ಲರ ದೇಹದಲ್ಲಿಯೂ ಒಂದರಿಂದ ಸುಮಾರು ಆರು ಲೀಟರ್‌ವರೆಗೆ ಹೆಚ್ಚುವರಿ ನೀರಿತ್ತು! ಬೆವರಿನಲ್ಲಿ ಉಪ್ಪು ಹೋದದ್ದರಿಂದಲೇ ಸೋಡಿಯಂ ಕುಸಿಯಿತು ಎಂಬ ವಾದಕ್ಕೆ ಇದರಿಂದ ಬಲವಾದ ಪೆಟ್ಟು ಬಿತ್ತು.

ಆಗುವುದಿಷ್ಟೆ. ದೀರ್ಘ ಓಟದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನ್ ಕೆಲವರಲ್ಲಿ ಸ್ರವಿಸುತ್ತಲೇ ಇರುತ್ತದೆ. ಕುಡಿದ ನೀರು ಮೂತ್ರವಾಗಿ ಹೊರಹೋಗದೆ ರಕ್ತವನ್ನು ತೆಳುವಾಗಿಸುತ್ತದೆ. ಮಿದುಳಿನ ಜೀವಕೋಶಗಳು ಊದಿಕೊಳ್ಳುತ್ತವೆ. ತಲೆಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ. ವಾಂತಿ, ಗೊಂದಲ, ಸೆಳೆತ ಒಂದರ ಹಿಂದೊಂದು ಬರುತ್ತವೆ. ನಿಧಾನವಾಗಿ ಓಡುತ್ತ, ದಾರಿಯುದ್ದಕ್ಕೂ ಪ್ರತಿ ಮೇಜಿನಲ್ಲಿಯೂ ಲೋಟ ಎತ್ತಿಕೊಳ್ಳುವವರೇ ಇದಕ್ಕೆ ಹೆಚ್ಚಾಗಿ ಬಲಿಯಾಗುವವರು.

ಆದರೂ ವಿಜ್ಞಾನ ವಲಯ ಬೇಗನೆ ಕಿವಿಗೊಡಲಿಲ್ಲ. ಗಂಟೆಗೆ 600ರಿಂದ 1,200 ಮಿ.ಲೀ. ದ್ರವ ಸೇವಿಸಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 1996ರಲ್ಲಿಯೂ ಸಲಹೆ ನೀಡಿತ್ತು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 28 ವರ್ಷದ ಓಟಗಾರ್ತಿ ಇದೇ ಕಾರಣದಿಂದ ಮೃತಪಟ್ಟರು. ಅದೇ ಓಟದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಿದ್ದುದು ಕಂಡುಬಂತು. 2007ರಲ್ಲಿ ಹಳೆಯ ಸಲಹೆ ಪರಿಷ್ಕೃತವಾಯಿತು. ಬಾಯಾರಿದಾಗ ಕುಡಿದರೆ ಸಾಕೆಂದು 2015ರ ಅಂತರರಾಷ್ಟ್ರೀಯ ತಜ್ಞರ ಸಮಾವೇಶ ತಿಳಿಸಿತು. 1985ರ ಪ್ರಬಂಧ ಬಂದು ಅಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತೆಂಬುದು ವಿಷಾದದ ಸಂಗತಿ.

ದಣಿವನ್ನು ನಿರ್ಧರಿಸುವುದು ಸ್ನಾಯುವಲ್ಲ, ಮಿದುಳು ಎಂಬ ನೋಕ್ಸ್ ಅವರ ಸಿದ್ಧಾಂತ ಇಂದಿಗೂ ಚರ್ಚೆಯಲ್ಲಿದೆ. ರಗ್ಬಿ ತಂಡದ ಮಾಜಿ ನಾಯಕ ಮಾರ್ನೆ ಡು ಪ್ಲೆಸಿಸ್ ಜೊತೆಗೂಡಿ ಅವರು ಕೇಪ್ ಟೌನ್‌ನ ನ್ಯೂಲ್ಯಾಂಡ್ಸ್‌ನಲ್ಲಿ ಕ್ರೀಡಾ ವಿಜ್ಞಾನ ಸಂಸ್ಥೆ ಕಟ್ಟಿದರು. 2007ರಲ್ಲಿ ಲೂಯಿಸ್ ಪ್ಯೂ ಉತ್ತರ ಧ್ರುವದ ಮೈನಸ್ 1.7 ಡಿಗ್ರಿ ನೀರಿನಲ್ಲಿ ಒಂದು ಕಿ.ಮೀ. ಈಜಿದಾಗ ಅವರ ತಂಡದಲ್ಲಿದ್ದ ವೈದ್ಯರು ನೋಕ್ಸ್.

ಸ್ವಂತ ಪುಸ್ತಕಕ್ಕೇ ವಿರೋಧ

1985ರಲ್ಲಿ ಮೊದಲು ಪ್ರಕಟವಾಗಿ, ನಂತರದ ಆವೃತ್ತಿಯಲ್ಲಿ 900 ಪುಟ ದಾಟಿದ ‘ಲೋರ್ ಆಫ್ ರನ್ನಿಂಗ್’ ಓಟಗಾರರ ಕೈಪಿಡಿಯೆಂದೇ ಹೆಸರಾಗಿತ್ತು. ಓಟಕ್ಕೆ ಪಿಷ್ಟ ಪದಾರ್ಥಗಳು ಅಗತ್ಯವೆಂದು ಅದರಲ್ಲಿ ಬರೆದಿದ್ದವರು ಇದೇ ನೋಕ್ಸ್. ತಂದೆಯಂತೆ ತಮಗೂ ಮಧುಮೇಹ ತಗುಲಿದೆಯೆಂದು ತಿಳಿದಾಗ, 2010ರ ಕೊನೆಯಲ್ಲಿ ಅವರು ಪಿಷ್ಟ ತ್ಯಜಿಸಿ ಕೊಬ್ಬಿನ ಆಹಾರಕ್ಕೆ ಬದಲಾದರು. ಆಹಾರ ಕುರಿತ ಆ ಪುಟಗಳನ್ನು ಹರಿದೆಸೆಯಿರಿ ಎಂದು ಓದುಗರಿಗೆ ಹೇಳಿದರು. ದಶಕಗಳ ಕಾಲ ಮ್ಯಾರಥಾನ್ ಓಡಿದವರಿಗೂ ಮಧುಮೇಹ ಬರಬಹುದೆಂಬುದು ಅನೇಕರಿಗೆ ಅಚ್ಚರಿಯ ಸುದ್ದಿಯಾಗಿತ್ತು.

ನೀರಿನ ವಿಷಯದಲ್ಲಿ ಕಾಲಕ್ರಮೇಣ ದೊರೆತ ಒಮ್ಮತ ಈ ವಿಷಯದಲ್ಲಿ ದೊರೆಯಲಿಲ್ಲ. 2014ರಲ್ಲಿ ಅವರದೇ ವಿಶ್ವವಿದ್ಯಾಲಯದ ಸಹೋದ್ಯೋಗಿಗಳು ಪತ್ರಿಕೆಗೆ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಅದೇ ವರ್ಷ, ಶಿಶುವಿಗೆ ಮೊದಲ ಘನ ಆಹಾರವಾಗಿ ಏನು ಕೊಡಬೇಕೆಂದು ತಾಯಿಯೊಬ್ಬರು ಕೇಳಿದ ಪ್ರಶ್ನೆಗೆ ಟ್ವಿಟರ್‌ನಲ್ಲಿ ಅವರು ನೀಡಿದ ಉತ್ತರ ದೂರಿಗೆ ಗುರಿಯಾಯಿತು. ದಕ್ಷಿಣ ಆಫ್ರಿಕಾದ ಆರೋಗ್ಯ ವೃತ್ತಿಗಳ ಮಂಡಳಿ ವಿಚಾರಣೆ ನಡೆಸಿತು. 2017ರ ಏಪ್ರಿಲ್‌ನಲ್ಲಿ ಸಮಿತಿ ಅವರನ್ನು ನಿರ್ದೋಷಿಯೆಂದು ಘೋಷಿಸಿತು. ಮಂಡಳಿ ಸಲ್ಲಿಸಿದ ಮೇಲ್ಮನವಿ 2018ರ ಜೂನ್‌ನಲ್ಲಿ ವಜಾಗೊಂಡಿತು.