ಆನ್‌ಲೈನ್ ಅಂಗಡಿ ತೆರೆಯುತ್ತೀರಾ? ಆಲ್-ಇನ್-ಒನ್ ಬೇಕೋ, ಮಾಡ್ಯುಲರ್ ಬೇಕೋ ಮೊದಲು ತೀರ್ಮಾನಿಸಿ

ಹೈದರಾಬಾದ್: ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರ್ ಅರಗಿನ ಬಳೆಗೆ ಹೆಸರುವಾಸಿ. ಹೈದರಾಬಾದಿನ ಈ ಬಳೆಗಳಿಗೆ 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅಲ್ಲಿನ ಒಂದು ಅಂಗಡಿ ಸ್ವಂತ ವೆಬ್‌ಸೈಟ್‌ನಲ್ಲಿ ಬಳೆ ಮಾರಲು ಹೊರಟಿದೆ ಎಂದುಕೊಳ್ಳಿ. ಕ್ಯಾಟಲಾಗ್, ಸ್ಟಾಕ್, ಪೇಮೆಂಟ್, ಡೆಲಿವರಿ ಎಲ್ಲವನ್ನೂ ಒಂದೇ ಕಂಪನಿಗೆ ಒಪ್ಪಿಸಬೇಕೇ? ಅಥವಾ ಬೇರೆ ಬೇರೆ ಕಡೆಯಿಂದ ತಂದು ಜೋಡಿಸಬೇಕೇ?

ಮೊದಲನೆಯದು ಆಲ್-ಇನ್-ಒನ್. ಕೆನಡಾದ ಶಾಪಿಫೈ ಇದಕ್ಕೆ ಉದಾಹರಣೆ. ತಿಂಗಳ ಶುಲ್ಕ ಕಟ್ಟಿದರೆ ಸರ್ವರ್, ಭದ್ರತೆ, ಅಪ್‌ಡೇಟ್ ಅವರ ಹೊಣೆ. ಎರಡನೆಯದು ಮಾಡ್ಯುಲರ್. ಇಲ್ಲಿ ಪ್ರತಿ ಭಾಗವೂ ಪ್ರತ್ಯೇಕ, ಎಪಿಐ ಮೂಲಕ ಒಂದಕ್ಕೊಂದು ಮಾಹಿತಿ ಕೊಡುತ್ತವೆ. ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಇವೆರಡರ ನಡುವಿನದು. ಅದರ ಮೂಲ ತಂತ್ರಾಂಶ ಉಚಿತ, ಹೋಸ್ಟಿಂಗ್ ಮತ್ತು ಬ್ಯಾಕಪ್ ತಲೆನೋವು ಮಾತ್ರ ನಿಮ್ಮದೇ.

ಆಲ್-ಇನ್-ಒನ್ ಎಂದರೂ ಭಾರತದಲ್ಲಿ ಪೇಮೆಂಟ್‌ಗೆ ಸಾಮಾನ್ಯವಾಗಿ ರೇಜರ್‌ಪೇಯಂಥ ಹೊರಗಿನ ಗೇಟ್‌ವೇ ಬೇಕಾಗುತ್ತದೆ. ಗೇಟ್‌ವೇ ಶುಲ್ಕದ ಜೊತೆಗೆ ಪ್ಲಾಟ್‌ಫಾರ್ಮ್ ಕೂಡ ಪ್ರತಿ ಆರ್ಡರ್‌ಗೆ ಪಾಲು ಕೇಳುತ್ತದೆಯೇ ಎಂದು ವಿಚಾರಿಸಿ. ತಿಂಗಳ ಬಾಡಿಗೆಯನ್ನಷ್ಟೇ ನೋಡಿದವರು ಇಲ್ಲೇ ಎಡವುವುದು.

ಸ್ಟಾಕ್ ಎಂಬ ದೊಡ್ಡ ತಲೆನೋವು

ಒಂದು ವಿನ್ಯಾಸದ ಬಳೆ 5 ಅಳತೆ, 12 ಬಣ್ಣದಲ್ಲಿದ್ದರೆ 60 ಬಗೆಯ ಸ್ಟಾಕ್ ಆಯಿತು. ರಂಜಾನ್ ರಾತ್ರಿಯ ನೂಕುನುಗ್ಗಲಿನಲ್ಲಿ ಕೊನೆಯ ಸೆಟ್ ಕೌಂಟರ್‌ನಲ್ಲಿ ಮಾರಾಟವಾಗಿರುತ್ತದೆ. ವೆಬ್‌ಸೈಟ್‌ನಲ್ಲಿ ಅದು ಇನ್ನೂ 'ಲಭ್ಯ'! ಮಾಡ್ಯುಲರ್ ವ್ಯವಸ್ಥೆಯಲ್ಲಿ ಅಂಗಡಿಯ ಬಿಲ್ಲಿಂಗ್ ತಂತ್ರಾಂಶದ ಲೆಕ್ಕವನ್ನೇ ವೆಬ್‌ಸೈಟ್ ಓದುವಂತೆ ಮಾಡಬಹುದು. ಆದರೆ ಗ್ರಾಹಕರ ಹಣ ಕಡಿತವಾಗಿ ಆರ್ಡರ್ ದಾಖಲಾಗದಿದ್ದರೆ? ಗೇಟ್‌ವೇಯವರು ವೆಬ್‌ಸೈಟ್ ಕಡೆ, ವೆಬ್‌ಸೈಟ್‌ನವರು ಬಿಲ್ಲಿಂಗ್ ಕಡೆ ಕೈ ತೋರಿಸುತ್ತಾರೆ. ಕೋಡ್ ಓದಬಲ್ಲ ಒಬ್ಬರಾದರೂ ನಿಮ್ಮ ಜೊತೆ ಇಲ್ಲದಿದ್ದರೆ ಈ ದಾರಿ ಬೇಡ.

ಅಮೆಜಾನ್ ಮಾಡಿದ್ದೇನು?

ಹೈದರಾಬಾದಿನ ನಾನಕ್‌ರಾಮ್‌ಗುಡದಲ್ಲಿ 2019ರಲ್ಲಿ ಬೃಹತ್ ಕ್ಯಾಂಪಸ್ ತೆರೆದ ಅಮೆಜಾನ್ ಕೂಡ ಶುರುವಾಗಿದ್ದು ಒಂದೇ ದೊಡ್ಡ ತಂತ್ರಾಂಶದಿಂದ. ವ್ಯಾಪಾರ ಬೆಳೆದು ಬದಲಾವಣೆ ಕಷ್ಟವಾದಾಗ ಅದನ್ನು ಒಡೆದು ಸಣ್ಣ ಸಣ್ಣ ಸೇವೆಗಳನ್ನಾಗಿ ಮಾಡಿತು. ಸ್ವಾರಸ್ಯವೆಂದರೆ, ಅದೇ ಸಂಸ್ಥೆಯ ಪ್ರೈಮ್ ವಿಡಿಯೊದ ಒಂದು ತಂಡ ವಿಡಿಯೊ ಗುಣಮಟ್ಟ ಪರಿಶೀಲಿಸುವ ತನ್ನ ಬಿಡಿ ಸೇವೆಗಳನ್ನು ಮತ್ತೆ ಒಂದುಗೂಡಿಸಿ, ವೆಚ್ಚ ಶೇ 90ಕ್ಕಿಂತ ಹೆಚ್ಚು ಇಳಿಯಿತು ಎಂದು 2023ರಲ್ಲಿ ಹೇಳಿಕೊಂಡಿತು.

ಹಾಗಾಗಿ ಹೊಸಬರು ಆಲ್-ಇನ್-ಒನ್‌ನಿಂದ ಶುರು ಮಾಡಿ, ತೊಡಕಾಗುವ ಭಾಗವನ್ನಷ್ಟೇ ಆಮೇಲೆ ಹೊರಗೆ ತರುವುದು ಲೇಸು.

ಸಹಿ ಹಾಕುವ ಮುನ್ನ

ಡೊಮೇನ್ ನಿಮ್ಮ ಹೆಸರಿನಲ್ಲೇ ಇರಲಿ, ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಲ್ಲ. ಆರ್‌ಬಿಐ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ, ಟೋಕನ್ ಮಾತ್ರ. ಗೇಟ್‌ವೇ ಬದಲಿಸಿದರೆ ಗ್ರಾಹಕರು ಕಾರ್ಡ್ ವಿವರ ಮತ್ತೆ ತುಂಬಬೇಕಾಗಬಹುದು.

ಆರ್ಡರ್, ಗ್ರಾಹಕರು, ಸರಕಿನ ಪಟ್ಟಿಯನ್ನು ಪೂರ್ತಿ ಡೌನ್‌ಲೋಡ್ ಮಾಡಲು ಬರುತ್ತದೆಯೇ ಎಂದು ಟ್ರಯಲ್ ಅವಧಿಯಲ್ಲೇ ಪರೀಕ್ಷಿಸಿ. ಇಳಿದ ಫೈಲನ್ನು ತೆರೆದೂ ನೋಡಿ. 2.10 ಅಳತೆಯ ಬಳೆ ಎಂದರೆ 2 ಇಂಚು ಮತ್ತು ಒಂದು ಇಂಚಿನ 16ರಲ್ಲಿ 10 ಭಾಗ. ಎಕ್ಸೆಲ್ ಅದನ್ನು ಸಂಖ್ಯೆ ಎಂದುಕೊಂಡು 2.1 ಮಾಡಿಬಿಡುತ್ತದೆ. ಅಳತೆಯ ಕಾಲಂ ಅನ್ನು 'ಟೆಕ್ಸ್ಟ್' ಎಂದು ಮೊದಲೇ ಗುರುತಿಸಿದರೆ ಈ ತಾಪತ್ರಯ ಇರುವುದಿಲ್ಲ.