ವಾರಸುದಾರರಿಲ್ಲದ ಸ್ವತ್ತು ಮತ್ತು ಗುರುತಿನ ಗೌಪ್ಯತೆ

ಒಡೆಯರು ಪತ್ತೆಯಿಲ್ಲದ ಸ್ವತ್ತು ರಾಜ್ಯದ ವಶಕ್ಕೆ ಬಂದಾಗ ಅದರ ವಿವರಗಳಲ್ಲಿ ಎಷ್ಟನ್ನು ಸಾರಬೇಕು, ಎಷ್ಟನ್ನು ಮುಚ್ಚಿಡಬೇಕು ಎಂಬ ಪ್ರಶ್ನೆ ಭಾರತದಲ್ಲಿ ಬಹಳ ಹಳೆಯದು. ಮನುಸ್ಮೃತಿಯು ಇಂಥ ಸ್ವತ್ತನ್ನು ಮೂರು ವರ್ಷ ರಾಜನ ರಕ್ಷಣೆಯಲ್ಲಿ ಇರಿಸಬೇಕೆಂದೂ, ತನ್ನದೆಂದು ಬಂದವನು ಅದರ ಆಕಾರ, ಸಂಖ್ಯೆ, ಕಳೆದುಹೋದ ಸ್ಥಳ ಮತ್ತು ಕಾಲಗಳನ್ನು ತಾನೇ ಹೇಳಬೇಕೆಂದೂ, ಹೇಳಲಾರದವನು ಸ್ವತ್ತಿನ ಬೆಲೆಯಷ್ಟೇ ದಂಡ ತೆರಬೇಕೆಂದೂ ವಿಧಿಸಿತು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೂ ಗುರುತು ಹೇಳಿ ಸ್ವತ್ತು ಬಿಡಿಸಿಕೊಳ್ಳುವ ಈ ನಿಯಮವಿದ್ದು, ಆ ಸ್ಮೃತಿಗೆ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಬರೆದ 'ಮಿತಾಕ್ಷರಾ' ವ್ಯಾಖ್ಯಾನವು ಮುಂದೆ ದೇಶದ ಬಹುಭಾಗದಲ್ಲಿ ನ್ಯಾಯನಿರ್ಣಯಕ್ಕೆ ಆಧಾರವಾಯಿತು. ಗುರುತುಗಳು ಮೊದಲೇ ಬಯಲಾದರೆ ಅವು ಪುರಾವೆಯಾಗಿ ನಿಲ್ಲಲಾರವಾದ್ದರಿಂದ, ಈ ವ್ಯವಸ್ಥೆ ಗುಟ್ಟನ್ನು ಕಾಯುತ್ತಿದ್ದುದು ಎದುರಿಗಿಲ್ಲದ ಒಡೆಯನ ಪರವಾಗಿ ಎಂದೇ ತಿಳಿಯಬೇಕು.

ಆಧುನಿಕ ಕಾನೂನಿಗೆ ಈ ವಿವೇಕ ತಡವಾಗಿ ಒದಗಿತು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 26ನೆಯ ಕಲಮಿನಂತೆ, ಹತ್ತು ವರ್ಷ ವ್ಯವಹಾರ ನಡೆಯದ ಖಾತೆಗಳ ವಿವರವನ್ನು ಬ್ಯಾಂಕುಗಳು ಪ್ರತಿವರ್ಷ ರಿಸರ್ವ್ ಬ್ಯಾಂಕಿಗೆ ಸಲ್ಲಿಸಬೇಕಾಗಿತ್ತು. ಆದರೆ ಅದು ವಾರಸುದಾರರ ಕಣ್ಣಿಗೆ ಬೀಳುವ ಕಾಗದವಾಗಿರಲಿಲ್ಲ. 2012ರಲ್ಲಿ ರಿಸರ್ವ್ ಬ್ಯಾಂಕು ಇಂಥ ಖಾತೆಗಳ ಪಟ್ಟಿಯನ್ನು ಬ್ಯಾಂಕುಗಳ ಜಾಲತಾಣಗಳಲ್ಲಿ ಪ್ರಕಟಿಸಲು ಆದೇಶಿಸಿತು. ಪಟ್ಟಿಯಲ್ಲಿ ಖಾತೆದಾರರ ಹೆಸರು ಮತ್ತು ವಿಳಾಸ ಮಾತ್ರ ಇರಬೇಕು, ಖಾತೆಯ ಸಂಖ್ಯೆ, ಅದರ ಬಗೆ, ಶಾಖೆಯ ಹೆಸರು ಇವಾವುದೂ ಇರಕೂಡದು ಎಂಬುದು ಅದರ ಷರತ್ತು. ಹಳೆಯ ಪಾಸ್‌ಬುಕ್ಕು ಕೈಯಲ್ಲಿರುವವನಿಗೆ ಗೊತ್ತಿದ್ದು ವಂಚಕನಿಗೆ ಗೊತ್ತಿರದ ಸಂಗತಿಗಳನ್ನೇ ಆರಿಸಿ ಮರೆಯಾಗಿಟ್ಟ ಈ ಷರತ್ತು ಮೆಚ್ಚತಕ್ಕದ್ದು. ಆದರೂ ಯಾರು ಬೇಕಾದರೂ ಓದಬಹುದಾದ ಪಟ್ಟಿಯಲ್ಲಿ ಮನೆಯ ವಿಳಾಸವನ್ನು ಉಳಿಸಿದ್ದು ವೃದ್ಧ ಖಾತೆದಾರರನ್ನೂ ಅವರ ಕುಟುಂಬಗಳನ್ನೂ ದಲ್ಲಾಳಿಗಳ ಕಣ್ಣಿಗೆ ಒಡ್ಡುವಂತಿತ್ತು.

2014ರಲ್ಲಿ ಇಂಥ ಖಾತೆಗಳಲ್ಲಿ ಉಳಿದ ಮೊತ್ತಗಳನ್ನು ಒಟ್ಟುಗೂಡಿಸಲು ರಿಸರ್ವ್ ಬ್ಯಾಂಕಿನಲ್ಲಿ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ ಏರ್ಪಟ್ಟಿತು. ಇತ್ತ ಗೌಪ್ಯತೆಯ ವಿಷಯದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಇಂಥ ಠೇವಣಿಗಳನ್ನು ಹುಡುಕಲೆಂದು 2023ರ ಆಗಸ್ಟ್ 17ರಂದು ಆರಂಭವಾದ ರಿಸರ್ವ್ ಬ್ಯಾಂಕಿನ 'ಉದ್ಗಮ್' ಎಂಬ ಪೋರ್ಟಲಿನಲ್ಲಿ, ಹುಡುಕುವವರು ಮೊಬೈಲ್ ಸಂಖ್ಯೆಯೊಂದಿಗೆ ನೋಂದಾಯಿಸಿಕೊಂಡು, ಖಾತೆದಾರರ ಹೆಸರಿನ ಜೊತೆಗೆ ಪ್ಯಾನ್, ಪಾಸ್‌ಪೋರ್ಟ್ ಸಂಖ್ಯೆ ಅಥವಾ ಜನ್ಮದಿನಾಂಕದಂಥ ಗುರುತನ್ನು ತಾವೇ ಒದಗಿಸಬೇಕು. ಹಣ ಅಲ್ಲಿ ಕೈಸೇರುವುದಿಲ್ಲ. ಹಕ್ಕುದಾರರು ದಾಖಲೆಗಳೊಂದಿಗೆ ಆಯಾ ಬ್ಯಾಂಕಿಗೇ ಹೋಗಬೇಕಾಗಿದ್ದು, ಬ್ಯಾಂಕು ಅವುಗಳನ್ನು ಪರಿಶೀಲಿಸಿ ಹಣ ಕೊಟ್ಟ ಮೇಲೆ ಆ ಮೊತ್ತವನ್ನು ನಿಧಿಯಿಂದ ಮರಳಿ ಪಡೆಯುತ್ತದೆ.