ನೇಕಾರನ ಮಗನ ಅಯಸ್ಕಾಂತ



ಜನರನ್ನು ಸೂಜಿಗಲ್ಲಿನಂತೆ ಸೆಳೆದ ಎಂದು ಇಂದಿಗೂ ನಾವು ಹೇಳುವುದುಂಟು. ಆದರೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ನಾನು ಪಾಠ ಹೇಳಿದ ಶಾಲೆಗಳ ಬೀರುಗಳಲ್ಲಿದ್ದ ಸೂಜಿಗಲ್ಲುಗಳಲ್ಲಿ ಹಲವು ಒಂದು ಗುಂಡುಸೂಜಿಯನ್ನೂ ಸೆಳೆಯಲಾರದವಾಗಿದ್ದವು. ಮಕ್ಕಳ ಕೈಯಿಂದ ಬಿದ್ದು, ಸಜಾತಿ ಧ್ರುವಗಳು ಒಂದಕ್ಕೊಂದು ತಾಗಿಕೊಂಡು ವರ್ಷಗಟ್ಟಲೆ ಉಳಿದು ಅವು ಶಕ್ತಿಗುಂದಿದ್ದವು. ಹಣವಿಲ್ಲದೆ, ಯಂತ್ರವಿಲ್ಲದೆ ಅಯಸ್ಕಾಂತಕ್ಕೆ ಮತ್ತೆ ಶಕ್ತಿ ತುಂಬಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಚರಿತ್ರೆ ಕುತೂಹಲಕರವಾಗಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತವನ್ನು ಕುರಿತು ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದ. ಅದರಲ್ಲಿ ಒಬ್ಬ ಕಮ್ಮಾರನ ಚಿತ್ರವಿದೆ. ಕಾದ ಕಬ್ಬಿಣವನ್ನು ಅವನು ಉತ್ತರ-ದಕ್ಷಿಣವಾಗಿ ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಿದ್ದಾನೆ. ಹಾಗೆ ಬಡಿದ ಕಬ್ಬಿಣ ತಾನೇ ದುರ್ಬಲ ಅಯಸ್ಕಾಂತವಾಗುತ್ತದೆ. ಏಕೆಂದರೆ ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂಬುದು ಗಿಲ್ಬರ್ಟನ ಸಿದ್ಧಾಂತ. ನಮ್ಮೂರ ಕುಲುಮೆಗಳಲ್ಲಿಯೂ ಈ ವಿದ್ಯಮಾನ ಯಾರಿಗೂ ತಿಳಿಯದಂತೆ ನಡೆದೇ ಇರಬೇಕು.

ಹದಿನೆಂಟನೆಯ ಶತಮಾನದಲ್ಲಿ ಹಡಗಿನ ದಿಕ್ಸೂಚಿಗಳಿಗೆ ಪ್ರಬಲವಾದ ಅಯಸ್ಕಾಂತಗಳು ಬೇಕಾದವು. ಲಂಡನ್ನಿನ ವೈದ್ಯ ಗೋವಿನ್ ನೈಟ್ ಉಕ್ಕಿನ ಪಟ್ಟಿಗಳಿಂದ ಅಂಥವನ್ನು ತಯಾರಿಸಿದ. 1747ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕವನ್ನೂ ಪಡೆದ. ಆದರೆ ತನ್ನ ವಿಧಾನವನ್ನು ಬದುಕಿರುವವರೆಗೆ ಗುಟ್ಟಾಗಿಯೇ ಇಟ್ಟುಕೊಂಡ. 1750ರಲ್ಲಿ ಜಾನ್ ಮಿಚೆಲ್ ಎಂಬ ವಿದ್ವಾಂಸ ಕೃತಕ ಅಯಸ್ಕಾಂತಗಳನ್ನು ಮಾಡುವ ಬಗೆಯನ್ನು ಪುಸ್ತಕವಾಗಿ ಪ್ರಕಟಿಸಿದ. ಮರುವರ್ಷ ಜಾನ್ ಕ್ಯಾಂಟನ್ ಎಂಬಾತ ತನ್ನ ವಿಧಾನವನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಅದಕ್ಕಾಗಿ 1751ರ ಕಾಪ್ಲೆ ಪದಕ ಅವನಿಗೆ ದೊರೆಯಿತು.

ಈ ಕ್ಯಾಂಟನ್ ಯಾರು ಬಲ್ಲಿರಾ? ಒಬ್ಬ ನೇಕಾರನ ಮಗ. ಬಾಲ್ಯದಲ್ಲಿಯೇ ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತವನು. ಆಮೇಲೆ ಲಂಡನ್ನಿಗೆ ಬಂದು, ರೇಷ್ಮೆ ನೇಕಾರರ ಕೇರಿಯಾದ ಸ್ಪಿಟಲ್‌ಫೀಲ್ಡ್ಸ್ ಬಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯನಾದವನು. ಚಳ್ಳಕೆರೆಯ ಕಂಬಳಿ ನೇಯುವವರ ಮಕ್ಕಳನ್ನೂ ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳ ಮನೆಯ ಮಕ್ಕಳನ್ನೂ ಕಂಡ ನನಗೆ ಈ ವಿವರ ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಅವನ ಸಲಕರಣೆಗಳೂ ಮನೆಯವೇ: ಒಲೆಯ ಕೆಂಡ ಕೆದಕುವ ಕಬ್ಬಿಣದ ಸಲಾಕೆ, ಒಂದು ಇಕ್ಕಳ, ಕೆಲವು ಉಕ್ಕಿನ ಪಟ್ಟಿಗಳು ಮತ್ತು ಒಂದೆಳೆ ರೇಷ್ಮೆ ದಾರ. ಸಲಾಕೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲ್ಭಾಗಕ್ಕೆ ಚಿಕ್ಕ ಉಕ್ಕಿನ ಪಟ್ಟಿಯನ್ನು ರೇಷ್ಮೆ ದಾರದಿಂದ ಬಿಗಿದು, ಇಕ್ಕಳದ ಕೆಳತುದಿಯಿಂದ ಪಟ್ಟಿಯ ಎರಡೂ ಮೈಗಳನ್ನು ಕೆಳಗಿನಿಂದ ಮೇಲಕ್ಕೆ ಹತ್ತು ಹತ್ತು ಬಾರಿ ಉಜ್ಜುವುದು. ಅಷ್ಟಕ್ಕೇ ಆ ಪಟ್ಟಿ ಸಣ್ಣ ಬೀಗದ ಕೈಯನ್ನು ಎತ್ತಬಲ್ಲುದು. ಆ ಬಳಿಕ ಒಂದು ಪಟ್ಟಿಯಿಂದ ಮತ್ತೊಂದಕ್ಕೆ, ಮೆದು ಉಕ್ಕಿನಿಂದ ಗಡಸು ಉಕ್ಕಿಗೆ ಶಕ್ತಿಯನ್ನು ಬೆಳೆಸುತ್ತಾ ಹೋಗುವುದು.

ಆದರೆ ಇದನ್ನು ನಮ್ಮೂರಿನಲ್ಲಿ ಯಥಾವತ್ತಾಗಿ ಮಾಡಿದರೆ ಫಲ ಕಡಿಮೆ. ಲಂಡನ್ನಿನಲ್ಲಿ ಆಗ ಭೂಕಾಂತ ಬಲವು 70 ಡಿಗ್ರಿಗೂ ಹೆಚ್ಚು ಕಡಿದಾಗಿ ನೆಲದೊಳಕ್ಕೆ ಬಾಗಿತ್ತು. ಹಾಗಾಗಿ ನಿಂತ ಸಲಾಕೆಗೆ ಕಾಂತತ್ವ ಬರುತ್ತಿತ್ತು. ಚಳ್ಳಕೆರೆಯಲ್ಲಿ ಆ ಬಾಗು 15 ಡಿಗ್ರಿಯ ಆಸುಪಾಸು ಮಾತ್ರ. ಕಾಂತೀಯ ಸಮಭಾಜಕ ರೇಖೆ ನಮ್ಮ ದಕ್ಷಿಣಕ್ಕೆ, ಕೇರಳದ ತುಂಬಾ ಬಳಿಯಲ್ಲಿ ಹಾದುಹೋಗುವುದೇ ಇದಕ್ಕೆ ಕಾರಣ. 1963ರ ರಾಕೆಟ್ ಉಡಾವಣೆಗೆ ತುಂಬಾ ಆಯ್ಕೆಯಾದದ್ದೂ ಇದರಿಂದಲೇ. ಆದ್ದರಿಂದ ನಾವು ಸಲಾಕೆಯ ಬದಲು ಒಂದು ಹಾರೆಯನ್ನು ಉತ್ತರ-ದಕ್ಷಿಣವಾಗಿ ನೆಲದ ಮೇಲೆ ಮಲಗಿಸಬೇಕು. ಪುಸ್ತಕದ ವಿದ್ಯೆಯನ್ನು ಊರಿಗೆ ತಕ್ಕಂತೆ ಓದಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

1820ರಲ್ಲಿ ಅರ್ಸ್ಟೆಡ್ ವಿದ್ಯುತ್ತಿನ ಕಾಂತ ಪರಿಣಾಮವನ್ನು ಕಂಡುಹಿಡಿದ ಮೇಲೆ ಉಜ್ಜುವ ವಿದ್ಯೆ ಹಿಂದೆ ಸರಿಯಿತು. 1931ರಲ್ಲಿ ಜಪಾನಿನ ಮಿಶಿಮಾ ಅಲ್ಯುಮಿನಿಯಂ, ನಿಕ್ಕಲ್ ಬೆರೆಸಿದ ಹೊಸ ಉಕ್ಕನ್ನು ತಯಾರಿಸಿದ. ಕೋಬಾಲ್ಟನ್ನೂ ಸೇರಿಸಿಕೊಂಡು ಅದು ಆಲ್ನಿಕೋ ಎಂದು ಹೆಸರಾಯಿತು. ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ, ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿಕೊಂಡಿರುವ ಪಿಕಪ್ಪಿನೊಳಗೆ ಇರುವುದು ಹೆಚ್ಚಾಗಿ ಇದೇ ಲೋಹ. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಕಂಪಿಸಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ತ್ವವೇ ಅದು.

ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬ, ಮೊಳಕಾಲ್ಮೂರಿನ ಮಗ್ಗದ ಮನೆಯವನೇ, ತನ್ನ ಹಳೆಯ ಗಿಟಾರಿನ ನಾದ ಕುಗ್ಗಿದೆ, ಮನೆಯಲ್ಲೇ ಅಯಸ್ಕಾಂತ ತುಂಬಬಹುದೇ ಸಾರ್ ಎಂದು ಕೇಳಿದ್ದ. ತುಂಬಬಹುದು. ಮೊದಲು ತಂತಿಯ ಎತ್ತರ, ವೈರುಗಳನ್ನು ಪರೀಕ್ಷಿಸಬೇಕು. ಆಲ್ನಿಕೋ ವಯಸ್ಸಿನಿಂದ ಅಷ್ಟಾಗಿ ಸೊರಗದು, ಬೇರೆ ಪ್ರಬಲ ಅಯಸ್ಕಾಂತದ ಸಾಮೀಪ್ಯದಿಂದ ಸೊರಗುತ್ತದೆ. ಅನಂತರ ದಿಕ್ಸೂಚಿ ಹಿಡಿದು ಪಿಕಪ್ಪಿನ ಮೇಲ್ಮುಖ ಯಾವ ಧ್ರುವವೆಂದು ಬರೆದಿಟ್ಟುಕೊಳ್ಳಬೇಕು. ಎರಡು ದೊಡ್ಡ ನಿಯೋಡಿಮಿಯಂ ತುಂಡುಗಳನ್ನು ವಿಜಾತಿ ಧ್ರುವಗಳು ಎದುರುಬದುರಾಗುವಂತೆ, ನಡುವೆ ಪಿಕಪ್ ಹಿಡಿಸುವಷ್ಟೇ ಜಾಗ ಬಿಟ್ಟು, ಮರದ ಚೌಕಟ್ಟಿನಲ್ಲಿ ಭದ್ರಪಡಿಸಬೇಕು. ಕಳಚಿದ ಪಿಕಪ್ಪನ್ನು, ಅದರ ಆರು ಕಡ್ಡಿಗಳ ತುದಿಗಳು ಎರಡು ತುಂಡುಗಳತ್ತ ಮುಖ ಮಾಡುವಂತೆ, ಆ ಸಂದಿನಲ್ಲಿ ಒಮ್ಮೆ ಹಾಯಿಸಿ ತೆಗೆದರೆ ಸಾಕು. ಉತ್ತರ ಧ್ರುವದ ಎದುರಿಗಿದ್ದ ತುದಿ ದಕ್ಷಿಣವಾಗುತ್ತದೆ. ಮೊದಲಿದ್ದ ಧ್ರುವವೇ ಬರುವಂತೆ ನೋಡಿಕೊಳ್ಳಿ. ಫೆರೈಟ್ ಅಯಸ್ಕಾಂತಗಳು ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಒಂದು ಎಚ್ಚರಿಕೆ: ನಿಯೋಡಿಮಿಯಂ ತುಂಡುಗಳು ಬೆರಳನ್ನು ಜಜ್ಜಬಲ್ಲವು. ಚಿಕ್ಕ ತುಂಡುಗಳನ್ನು ಮಕ್ಕಳು ನುಂಗಿದರೆ ಕರುಳಿಗೇ ಅಪಾಯ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ದೂರವಿರಬೇಕು.

ನೈಟ್ ಮತ್ತು ಕ್ಯಾಂಟನ್ ಇಬ್ಬರೂ ತೀರಿಕೊಂಡದ್ದು 1772ರಲ್ಲಿ. ನೈಟನ ಗುಟ್ಟು ಅಚ್ಚಿನಲ್ಲಿ ಬೆಳಕು ಕಂಡದ್ದು 1779ರಲ್ಲಿ. ಅಷ್ಟರೊಳಗೆ ಕ್ಯಾಂಟನನ ಸಲಾಕೆ-ಇಕ್ಕಳಗಳ ವಿದ್ಯೆ ಹೊರಬಂದು ಇಪ್ಪತ್ತೆಂಟು ವರ್ಷಗಳಾಗಿದ್ದವು.

ಇಂದು ನಮ್ಮ ಚಳ್ಳಕೆರೆಯ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿ ಶಾಲಾ ಉಪಾಧ್ಯಾಯರಿಗೆ ತರಬೇತಿಯೂ ನಡೆಯುತ್ತದೆ. ದನಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಅದಕ್ಕಾಗಿ ಹೋಯಿತು. ಆ ಹುಲ್ಲನ್ನು ಕಳೆದುಕೊಂಡವರ ಮಕ್ಕಳ ಕೈಗೆ ವಿಜ್ಞಾನ ಬರದಿದ್ದರೆ ಆ ಋಣ ತೀರದು. ಊರಿಗೆ ಬಂದಾಗ ನಿಮ್ಮ ಹಳೆಯ ಶಾಲೆಗೆ ಹೋಗಿ. ಬೀರುವಿನಲ್ಲಿರುವ ಜೀವವಿಲ್ಲದ ಅಯಸ್ಕಾಂತವನ್ನು ಕೇಳಿ ಪಡೆದು, ನಿಯೋಡಿಮಿಯಂ ತುಂಡಿನ ಒಂದು ಧ್ರುವದಿಂದ ಅದರ ನಡುವಿನಿಂದ ತುದಿಯವರೆಗೆ ಒಂದೇ ದಿಕ್ಕಿನಲ್ಲಿ ಇಪ್ಪತ್ತು ಬಾರಿ ನೀವಿ. ಉಳಿದರ್ಧವನ್ನು ಇನ್ನೊಂದು ಧ್ರುವದಿಂದ ನೀವಿ. ಇದನ್ನು ಮಕ್ಕಳ ಎದುರಿಗೇ ಮಾಡಿ, ಎರಡನೆಯದನ್ನು ಅವರ ಕೈಯಲ್ಲೇ ಮಾಡಿಸಿ.